ಗರಸು ದಾರಿಯ ಸೈಕಲ್

ಚಿತ್ರದುರ್ಗ ಜಿಲ್ಲೆಯ ರೈತರಿಗೆ ‘ಗರಸು’ ಎಂದರೇನೆಂದು ಹೇಳಿಕೊಡಬೇಕಾಗಿಲ್ಲ. ಬಂಡೆ ಬಿಸಿಲು–ಮಳೆಗೆ ಶಿಥಿಲವಾಗಿ, ಪುಡಿಯಾಗಿ, ಮಣ್ಣಿನೊಡನೆ ಬೆರೆತ ಹರಳುಗಲ್ಲಿನ ನೆಲವೇ ಗರಸು. ಬೇಸಾಯಕ್ಕೆ ಅದು ಅಷ್ಟಾಗಿ ಒಗ್ಗದು. ಆದರೆ ದಾರಿಗೆ ಹಾಸಿದರೆ ನೀರು ಬೇಗ ಬಸಿದು ಗಟ್ಟಿಯಾಗಿ ಕೂರುತ್ತದೆ. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ತಾಲ್ಲೂಕುಗಳ ತೋಟದ ದಾರಿಗಳು, ಕೆರೆ ಏರಿಯ ದಾರಿಗಳು, ಹಟ್ಟಿಯಿಂದ ಹಟ್ಟಿಗೆ ಹೋಗುವ ದಾರಿಗಳು ಡಾಂಬರು ಕಾಣುವ ಮುನ್ನ ಹೀಗೆಯೇ ಇದ್ದವು. ಎಷ್ಟೋ ದಾರಿಗಳು ಈಗಲೂ ಹಾಗೆಯೇ ಇವೆ.

ಇದೇ ನೆಲಕ್ಕೆ ಇಂಗ್ಲಿಷಿನಲ್ಲಿ ‘ಗ್ರಾವೆಲ್’ ಎನ್ನುತ್ತಾರೆ. ಈಚಿನ ವರ್ಷಗಳಲ್ಲಿ ನಗರಗಳ ದೊಡ್ಡ ಅಂಗಡಿಗಳಲ್ಲಿ ‘ಗ್ರಾವೆಲ್ ಬೈಕ್’ ಎಂಬ ಸೈಕಲ್ ಮಾರಾಟಕ್ಕೆ ಬಂದಿದೆ. ಕೆಲವುಗಳ ಬೆಲೆ ಲಕ್ಷ ರೂಪಾಯಿ ದಾಟುತ್ತದೆ. ಬಟ್ಟೆ, ಹೊದಿಕೆ, ಅಡುಗೆಯ ಸಾಮಾನುಗಳನ್ನು ಅದಕ್ಕೇ ಕಟ್ಟಿಕೊಂಡು, ಹೆದ್ದಾರಿ ಬಿಟ್ಟು ಕಚ್ಚಾ ದಾರಿಗಳಲ್ಲಿ ದಿನಗಟ್ಟಲೆ ಸುತ್ತುವ ಹವ್ಯಾಸಕ್ಕೆ ‘ಬೈಕ್‌ಪ್ಯಾಕಿಂಗ್’ ಎಂದು ಹೆಸರು. ಹೊಸದೆಂದು ಬಂದಿರುವ ಈ ಸೈಕಲನ್ನು ಬಿಚ್ಚಿ ನೋಡಿದರೆ ಅರ್ಧಪಾಲು ನಮ್ಮ ಹಳ್ಳಿಗಳ ಹಳೆಯ ಕರಿ ಸೈಕಲ್ಲೇ ಕಾಣುತ್ತದೆ. ಉಳಿದ ಅರ್ಧಪಾಲನ್ನು ತಿಳಿದುಕೊಳ್ಳದೆ ಗರಸು ದಾರಿಗೆ ಇಳಿದವರು ಊರು ಮುಟ್ಟುವುದು ಕಷ್ಟ.

ಕರಿ ಸೈಕಲ್ಲಿನ ಲೆಕ್ಕ

ಕರಿ ಸೈಕಲ್ಲಿನ ವಿನ್ಯಾಸ ಬ್ರಿಟಿಷರದು. ಸ್ವಾತಂತ್ರ್ಯ ಬಂದ ಮೇಲೆ ಅದು ಇಲ್ಲಿಯದೇ ಆಯಿತು. 1949ರಲ್ಲಿ ಮದರಾಸಿನ ಟಿ.ಐ. ಸೈಕಲ್ಸ್, 1951ರಲ್ಲಿ ಸೋನಿಪತ್‌ನ ಅಟ್ಲಾಸ್, 1956ರಲ್ಲಿ ಲುಧಿಯಾನದ ಹೀರೊ ಸೈಕಲ್ಸ್ ಹುಟ್ಟಿಕೊಂಡವು. ಹಾಲಿನ ಕ್ಯಾನು, ಪಾತ್ರೆಯ ಗಂಟು, ಬಟ್ಟೆಯ ಮೂಟೆ, ಐಸ್‌ಕ್ಯಾಂಡಿ ಡಬ್ಬ ಎಲ್ಲವನ್ನೂ ಹಳ್ಳಿಯ ಬಾಗಿಲಿಗೆ ಹೊತ್ತು ತಂದದ್ದು ಈ ಸೈಕಲ್ಲೇ.

ಅದರ ಟೈರಿನ ಮೇಲೆ 28 × 1½ ಎಂದು ಅಚ್ಚಾಗಿರುತ್ತದೆ. ಒಂದೂವರೆ ಇಂಚು ಎಂದರೆ 38 ಮಿಲಿಮೀಟರ್ ಅಗಲ. ಇಂದಿನ ಗ್ರಾವೆಲ್ ಬೈಕುಗಳ ಟೈರಿನ ಅಗಲ ಬಹುಮಟ್ಟಿಗೆ 40 ಮಿಲಿಮೀಟರ್. ಪಂದ್ಯದ ಸೈಕಲ್ಲುಗಳು ಬಹುಕಾಲ 23 ಮಿಲಿಮೀಟರಿನ ಸಣ್ಣ ಟೈರಿಗೆ ಗಾಳಿಯನ್ನು ಬಿಗಿದು ತುಂಬಿಕೊಂಡೇ ಓಡಿದವು. ನುಣುಪಾದ ರಸ್ತೆಗೆ ಅದು ಸರಿ. ಹರಳುಗಲ್ಲಿನ ಮೇಲೆ ಬಿಗಿಯಾದ ಟೈರು ಪ್ರತಿ ಕಲ್ಲಿಗೂ ಸೈಕಲ್ಲನ್ನೂ ಸವಾರನನ್ನೂ ಮೇಲಕ್ಕೆ ಎತ್ತಿ ಕುಕ್ಕುತ್ತದೆ. ಹಾಗೆ ಎತ್ತುವುದಕ್ಕೆ ಖರ್ಚಾಗುವುದು ಸವಾರನ ಕಾಲಿನ ಶಕ್ತಿಯೇ. ಅಗಲವಾದ ಮೆತ್ತನೆಯ ಟೈರು ಕಲ್ಲನ್ನು ತನ್ನೊಳಗೆ ಒತ್ತಿಕೊಂಡು ಮುಂದೆ ಹೋಗುತ್ತದೆ. ಎತ್ತರದ ಚಕ್ರ, ಉದ್ದನೆಯ ಚೌಕಟ್ಟು, ಬೆನ್ನು ಬಾಗದ ಕೂರಿಕೆ ಎಲ್ಲವೂ ಇಂಥ ದಾರಿಗೆ ಒಪ್ಪುವಂಥವೇ. ಮುಂದಿನ ಚಕ್ರಕ್ಕೆ 32 ಕಡ್ಡಿ, ಹಿಂದಿನದಕ್ಕೆ 40 ಕಡ್ಡಿ ಹಾಕುತ್ತಿದ್ದುದಕ್ಕೂ ಕಾರಣವಿದೆ: ಹೊರೆ ಬೀಳುವುದು ಹಿಂದಿನ ಚಕ್ರದ ಮೇಲೆ.

ಕರಿ ಸೈಕಲ್ ಸೋಲುತ್ತಿದ್ದುದು ದಿಬ್ಬದಲ್ಲಿ. ಪೆಡಲಿನ ಬಳಿ 44 ಹಲ್ಲು, ಹಿಂದಿನ ಫ್ರೀವೀಲಿನಲ್ಲಿ 18 ಹಲ್ಲು ಇರುವ ಸೈಕಲ್ ಎಂದುಕೊಳ್ಳೋಣ. ಪೆಡಲು ಒಂದು ಸುತ್ತು ತಿರುಗಿದರೆ ಅದು ಸುಮಾರು ಐದೂವರೆ ಮೀಟರ್ ಮುಂದೆ ಹೋಗುತ್ತದೆ. ಮುಂದೆ 40, ಹಿಂದೆ 42 ಹಲ್ಲಿನ ಗೇರಿಗೆ ಹಾಕಿದ ಗ್ರಾವೆಲ್ ಬೈಕು ಅದೇ ಒಂದು ಸುತ್ತಿಗೆ ಎರಡು ಮೀಟರಿಗಿಂತ ತುಸು ಹೆಚ್ಚು ಸಾಗುತ್ತದೆ, ಅಷ್ಟೆ. ಸಾಗುವ ದೂರ ಕಡಿಮೆಯಾದಷ್ಟೂ ತುಳಿತ ಹಗುರವಾಗುತ್ತದೆ. ಮೂಟೆ ಹೊತ್ತ ವ್ಯಾಪಾರಿ ಇಳಿದು ತಳ್ಳುತ್ತಿದ್ದ ಏರನ್ನು ಈಗಿನ ಸವಾರ ಕೂತೇ ಹತ್ತಲು ಸಾಧ್ಯವಾಗಿರುವುದು ಇದರಿಂದ.

ಈ ಅನುಕೂಲ ಸುಲಭವಾಗಿ ಬಂದದ್ದಲ್ಲ. ಮೊದಮೊದಲು ಸವಾರರು ಹಿಂದಿನ ಚಕ್ರದ ಎರಡೂ ಬದಿಗೆ ಬೇರೆ ಬೇರೆ ಹಲ್ಲಿನ ಬಿಲ್ಲೆ ಹಾಕಿಸಿಕೊಂಡು, ಬೆಟ್ಟದ ಬುಡದಲ್ಲಿ ಚಕ್ರ ಬಿಚ್ಚಿ ತಿರುಗಿಸಿ ಹಾಕಿಕೊಳ್ಳುತ್ತಿದ್ದರು. ‘ವೆಲೊಸಿಯೊ’ ಎಂಬ ಕಾವ್ಯನಾಮದಲ್ಲಿ ಬರೆಯುತ್ತಿದ್ದ ಫ್ರಾನ್ಸಿನ ಪಾಲ್ ದ ವಿವಿ, ಓಡುತ್ತಲೇ ಗೇರು ಬದಲಿಸುವ ಸಲಕರಣೆಯ ಪರವಾಗಿ ಬಹುಕಾಲ ವಾದಿಸಿದರು. ಪ್ರಸಿದ್ಧ ಟೂರ್ ದ ಫ್ರಾನ್ಸ್ ಪಂದ್ಯದಲ್ಲಿ ಅದಕ್ಕೆ ಎಲ್ಲರಿಗೂ ಅನುಮತಿ ಸಿಕ್ಕಿದ್ದು 1937ರಲ್ಲಿ. ಗೇರು ಬಳಸುವುದು ಬಲಹೀನರ ಲಕ್ಷಣ ಎಂಬ ಭಾವನೆ ಅಲ್ಲಿಯವರೆಗೂ ಇತ್ತು.

ಹೊರೆ ಕಟ್ಟುವ ಕಲೆ

ಸೈಕಲ್ಲಿನಲ್ಲಿ ಹೊರೆ ಕಟ್ಟಿಕೊಂಡು ದೂರ ಹೋಗುವುದೂ ಹೊಸ ಸಂಗತಿಯಲ್ಲ. 1923ರ ಅಕ್ಟೋಬರ್ 15ರಂದು ಬೊಂಬಾಯಿಯಿಂದ ಆರು ಮಂದಿ ಪಾರ್ಸಿ ಯುವಕರು ಸೈಕಲ್ಲೇರಿ ಪ್ರಪಂಚ ಸುತ್ತಲು ಹೊರಟರು. ಅವರಲ್ಲಿ ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಂ ಭುಂಗಾರಾ ಈ ಮೂವರು ಸುಮಾರು 71,000 ಕಿಲೋಮೀಟರ್ ಪೂರೈಸಿ 1928ರ ಮಾರ್ಚ್‌ನಲ್ಲಿ ಮರಳಿದರು. ಮರುಭೂಮಿ, ಕಾಡುಗಳನ್ನು ದಾಟಿದ ಅವರಿಗೆ ಬಹುಪಾಲು ದಾರಿಗಳು ನಮ್ಮ ಗರಸು ದಾರಿಗಿಂತ ಉತ್ತಮವಾಗಿದ್ದಿರಲಾರವು.

ಹಳ್ಳಿಯ ವ್ಯಾಪಾರಿ ಮೂಟೆಯನ್ನು ಕ್ಯಾರಿಯರಿನ ಮೇಲಿಟ್ಟು, ಹರಿದ ಟ್ಯೂಬನ್ನು ಪಟ್ಟಿಯಾಗಿ ಕೊಯ್ದು ಅದರಿಂದಲೇ ಬಿಗಿಯುತ್ತಿದ್ದ. ಸಾಮಾನ್ಯ ಹಗ್ಗ ದಾರಿಯ ಕುಲುಕಾಟಕ್ಕೆ ಸಡಿಲವಾಗುತ್ತದೆ. ರಬ್ಬರಿನ ಪಟ್ಟಿ ಹೊರೆ ಅಲುಗಿದಷ್ಟೂ ಹಿಗ್ಗಿ ಕುಗ್ಗಿ ಹಿಡಿತ ಬಿಡದು. ಈಗಿನವರ ಚೀಲಗಳು ಬೇರೆ ರೀತಿಯವು. ಒಂದು ಹ್ಯಾಂಡಲಿಗೆ, ಒಂದು ಸೀಟಿನ ಹಿಂಬದಿಗೆ, ಒಂದು ಚೌಕಟ್ಟಿನ ಒಳಗಿನ ತ್ರಿಕೋನಕ್ಕೆ. ಭಾರ ಚೌಕಟ್ಟಿಗೆ ಅಂಟಿಕೊಂಡಿದ್ದರೆ ಸೈಕಲ್ ಓಲಾಡುವುದಿಲ್ಲ ಎಂಬುದೇ ಇದರ ತತ್ತ್ವ. ತೂಕದ ವಸ್ತು ಕೆಳಗೆ, ನಡುವೆ. ಹಗುರವಾದದ್ದು ಮೇಲೆ, ತುದಿಗೆ. ಚಕ್ಕಡಿಗೆ ಹೇರು ಹೇರುವ ರೈತನಿಗೆ ಇದು ಗೊತ್ತಿದ್ದ ವಿಚಾರವೇ.

ಮುಳ್ಳು, ಮಣ್ಣು, ಗಾಳಿ

ಅಮೆರಿಕದ ಕ್ಯಾನ್ಸಸ್ ಸಂಸ್ಥಾನದ ಎಂಪೋರಿಯಾ ಎಂಬ ಊರಿನಲ್ಲಿ 2006ರಲ್ಲಿ ಕಚ್ಚಾ ದಾರಿಯ 200 ಮೈಲಿಗಳ ಪಂದ್ಯವೊಂದು ಆರಂಭವಾಯಿತು. ಗ್ರಾವೆಲ್ ಬೈಕು ಜನಪ್ರಿಯವಾದದ್ದು ಹೆಚ್ಚಾಗಿ ಇಂಥ ಪಂದ್ಯಗಳಿಂದ. ಅಲ್ಲಿ ಟೈರು ಸೀಳುವುದು ಚೂಪಾದ ಬೆಣಚುಕಲ್ಲು. ಚಿತ್ರದುರ್ಗದ ಸೀಮೆಯಲ್ಲಿ ಆ ಕೆಲಸ ಜಾಲಿಮುಳ್ಳಿನದು. ಬೇಲಿಗೆ ಹಾಕಿದ ಜಾಲಿ, ಕೆರೆಯಂಗಳದಲ್ಲಿ ಹಬ್ಬಿದ ಬಳ್ಳಾರಿ ಜಾಲಿ ದಾರಿಯುದ್ದಕ್ಕೂ ಮುಳ್ಳು ಉದುರಿಸಿರುತ್ತವೆ. ಟ್ಯೂಬಿಗೆ ತೇಪೆ ಹಾಕಿದರೆ ಸಾಲದು. ಟೈರಿನ ಒಳಮೈಯನ್ನು ಬೆರಳಿನಿಂದ ಸವರಿ ಮುರಿದ ಮುಳ್ಳಿನ ಮೊನೆಯನ್ನು ತೆಗೆಯಬೇಕು. ಇಲ್ಲವಾದರೆ ನೂರು ಗಜ ಹೋಗುವುದರೊಳಗೆ ಮತ್ತೆ ಪಂಕ್ಚರ್. ಹೊಸ ಸೈಕಲ್ಲುಗಳಲ್ಲಿ ಟ್ಯೂಬಿಲ್ಲದ ಟೈರಿನೊಳಗೆ ರಬ್ಬರಿನ ಹಾಲಿನಂಥ ದ್ರವ ತುಂಬಿರುತ್ತಾರೆ. ಮುಳ್ಳು ಚುಚ್ಚಿದ ತೂತಿನಲ್ಲಿ ಅದು ಹೆಪ್ಪುಗಟ್ಟಿ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಕೆಲವು ತಿಂಗಳಲ್ಲಿ ಆ ದ್ರವ ಒಣಗುವುದರಿಂದ ಮತ್ತೆ ತುಂಬಿಸಬೇಕು.

ಜಿಲ್ಲೆ ಮಳೆ ನೆರಳಿನ ಸೀಮೆಯಾದ್ದರಿಂದ ವರ್ಷದ ಬಹುಭಾಗ ದಾರಿ ಒಣಗಿರುತ್ತದೆ. ಆದರೆ ಹಿರಿಯೂರಿನ ಕಡೆಯ ಎರೆ ಭೂಮಿಯಲ್ಲಿ ಒಂದು ಹದ ಮಳೆ ಬಿದ್ದರೆ ಮಣ್ಣು ಟೈರಿಗೆ ಮೆತ್ತಿಕೊಂಡು, ಮಡ್‌ಗಾರ್ಡಿನೊಳಗೆ ತುಂಬಿ ಚಕ್ರವೇ ನಿಲ್ಲುತ್ತದೆ. ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ನಡೆಯುವುದೊಂದೇ ದಾರಿ. ಗ್ರಾವೆಲ್ ಬೈಕಿನಲ್ಲಿ ಟೈರಿಗೂ ಚೌಕಟ್ಟಿಗೂ ನಡುವೆ ಜಾಗ ಬಿಟ್ಟಿರುವುದು ಈ ಕಾರಣಕ್ಕೇ.

ಗಾಳಿಯ ಲೆಕ್ಕವೂ ಮುಖ್ಯ. ಜೋಗಿಮಟ್ಟಿಯ ಸಾಲಿನ ಮೇಲೆ ತಿರುಗುವ ಗಾಳಿಯಂತ್ರಗಳನ್ನು ನೋಡಿದವರಿಗೆ ಮುಂಗಾರಿನ ಪಡುವಣ ಗಾಳಿ ಎಂಥದೆಂದು ತಿಳಿಯುತ್ತದೆ. ಚಿತ್ರದುರ್ಗದಿಂದ ಹೊಳಲ್ಕೆರೆ, ಅಲ್ಲಿಂದ ಹೊಸದುರ್ಗ, ಅಲ್ಲಿಂದ ವಾಣಿವಿಲಾಸ ಸಾಗರದ ಮೇಲೆ ಹಿರಿಯೂರು, ಮತ್ತೆ ಚಿತ್ರದುರ್ಗ – ಹೀಗೊಂದು ಸುತ್ತು ಹಾಕಲು ಎರಡು ದಿನ ಬೇಕು. ಮೊದಲ ದಿನ ಗಾಳಿ ಏಳುವ ಮುನ್ನವೇ ಪಶ್ಚಿಮಕ್ಕೆ ಹೊಳಲ್ಕೆರೆ ಮುಟ್ಟಿದರೆ, ಮರುದಿನ ಹೊಸದುರ್ಗದಿಂದ ಪೂರ್ವಕ್ಕೆ ಹೋಗುವಾಗ ಅದೇ ಗಾಳಿ ಬೆನ್ನಿಗಿರುತ್ತದೆ. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಪೂರ್ಣಗೊಂಡ ಮಾರಿಕಣಿವೆ ಅಣೆಕಟ್ಟು ದಾರಿಯಲ್ಲಿ ತಂಗಲು ಒಳ್ಳೆಯ ಜಾಗ. 1933ರ ನಂತರ ಅದು ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ.

ಕೆಟ್ಟರೆ ಯಾರು?

ಹಿಂದೆ ಇಂಥ ಸುತ್ತಿನಲ್ಲಿ ಸೈಕಲ್ ಕೆಟ್ಟರೆ ಚಿಂತೆ ಇರಲಿಲ್ಲ. ಹೋಬಳಿ ಊರುಗಳಲ್ಲಿ ಸೈಕಲ್ ಶಾಪ್ ಇರುತ್ತಿತ್ತು. ಗಂಟೆ ಬಾಡಿಗೆಗೆ ಸೈಕಲ್ ಕೊಡುವುದು, ಬಾಣಲೆ ನೀರಿನಲ್ಲಿ ಟ್ಯೂಬು ಮುಳುಗಿಸಿ ಗುಳ್ಳೆ ನೋಡುವುದು, ವಾಲ್‌ಟ್ಯೂಬ್ ಬದಲಿಸುವುದು, ಕಡ್ಡಿ ಬಿಗಿದು ಚಕ್ರದ ಬೆಂಡು ತೆಗೆಯುವುದು, ಎಲ್ಲ ಕಂಪನಿಯ ಬಿಡಿಭಾಗ ಎಲ್ಲ ಸೈಕಲ್ಲಿಗೂ ಹೊಂದುತ್ತಿದ್ದುದರಿಂದ, ಅಲ್ಲಿಯೇ ಮುಗಿಯುತ್ತಿತ್ತು. ಚೌಕಟ್ಟು ಬಿರುಕು ಬಿಟ್ಟರೆ ಗ್ಯಾಸ್ ವೆಲ್ಡಿಂಗ್ ಅಂಗಡಿ ಇತ್ತು. ಬೈಕು, ಸ್ಕೂಟರುಗಳು ಹೆಚ್ಚಿದ ಮೇಲೆ ಎಷ್ಟೋ ಶಾಪುಗಳು ಮುಚ್ಚಿದವು, ಇಲ್ಲವೇ ಬೈಕಿನ ಪಂಕ್ಚರ್ ಅಂಗಡಿಗಳಾದವು. ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ ಬಾಗಿಲು ಹಾಕಿದ್ದು 2020ರ ಜೂನ್ 3ರಂದು. ಅದು ವಿಶ್ವ ಸೈಕಲ್ ದಿನ.

ಹೊಸ ಸೈಕಲ್ಲಿನ ಭಾಗಗಳು ಒಂದಕ್ಕೊಂದು ಹೊಂದುವುದಿಲ್ಲ ಎಂಬುದು ಇನ್ನೊಂದು ತೊಡಕು. ಕರಿ ಸೈಕಲ್ಲಿನ ರಿಮ್ಮಿನಲ್ಲಿ ಟೈರು ಕೂರುವ ವ್ಯಾಸ 635 ಮಿಲಿಮೀಟರ್, ಗ್ರಾವೆಲ್ ಬೈಕಿನದು ಸಾಮಾನ್ಯವಾಗಿ 622. ಹದಿಮೂರು ಮಿಲಿಮೀಟರ್ ವ್ಯತ್ಯಾಸವಾದರೂ ಒಂದರ ಟೈರು ಇನ್ನೊಂದಕ್ಕೆ ಬಾರದು. ಚೈನಿನ ಕೊಂಡಿಗಳ ಅಂತರ ಎರಡರಲ್ಲೂ ಅರ್ಧ ಇಂಚೇ. ಅಗಲ ಮಾತ್ರ ಬೇರೆ. ಕಾರ್ಬನ್ ಚೌಕಟ್ಟಿಗೆ ಬೆಸುಗೆ ಹಾಕಲಾಗದು. ಹಾಗಾಗಿ ಅನುಭವಿ ಸವಾರರು ದೂರದ ದಾರಿಗೆ ಉಕ್ಕಿನ ಚೌಕಟ್ಟನ್ನೇ ಆರಿಸಿಕೊಳ್ಳುವುದುಂಟು. ತೇಪೆ, ಒಂದೆರಡು ಕಡ್ಡಿ, ಚೈನ್ ಬಿಚ್ಚುವ ಸಲಕರಣೆ, ಗೇರನ್ನು ಹಿಡಿದಿರುವ ಚಿಕ್ಕ ಅಲ್ಯುಮಿನಿಯಂ ತುಂಡು ಜೊತೆಯಲ್ಲಿರುತ್ತವೆ. ಆ ತುಂಡನ್ನು ಬೇಕೆಂದೇ ಮೆದುವಾಗಿ ಮಾಡಿರುತ್ತಾರೆ. ಸೈಕಲ್ ಕಲ್ಲಿನ ಮೇಲೆ ಬಿದ್ದಾಗ ಚೌಕಟ್ಟಿನ ಬದಲು ಅದೇ ಬಾಗಲಿ, ಮುರಿಯಲಿ ಎಂದು.

ಆ ತುಂಡೂ ಮುರಿದು, ಗೇರು ಚಕ್ರಕ್ಕೆ ಸಿಕ್ಕಿ ನುಜ್ಜುಗುಜ್ಜಾದರೂ ಒಂದು ಉಪಾಯ ಉಳಿದಿರುತ್ತದೆ. ಗೇರನ್ನು ಬಿಚ್ಚಿ ಚೀಲಕ್ಕೆ ಹಾಕಿ, ಚೈನಿನ ಹೆಚ್ಚುವರಿ ಕೊಂಡಿಗಳನ್ನು ತೆಗೆದು, ಮುಂದಿನ ಹಲ್ಲುಚಕ್ರಕ್ಕೆ ನೇರವಾಗಿ ಬರುವ ಹಿಂದಿನ ಒಂದು ಬಿಲ್ಲೆಗೆ ಬಿಗಿಯಾಗಿ ಜೋಡಿಸಬೇಕು. ಲಕ್ಷ ರೂಪಾಯಿಯ ಸೈಕಲ್ ಆಗ ಒಂದೇ ಗೇರಿನ ಕರಿ ಸೈಕಲ್ಲಿನಂತೆಯೇ ಓಡುತ್ತದೆ. ದಿಬ್ಬ ಬಂದಲ್ಲಿ ಇಳಿದು ತಳ್ಳಬೇಕು. ಸಂಜೆಯೊಳಗೆ ಹೊಸದುರ್ಗ ಸೇರಬಹುದು.