ಯೆಲ್ಲೋಸ್ಟೋನ್ ಪ್ರವಾಸ: ಗೀಸರ್ ಗಡಿಯಾರವಲ್ಲ, ಬೈಸನ್ ಮನೆಯ ಎಮ್ಮೆಯಲ್ಲ

ಗೀಸರ್ ಎಂದರೆ ನಮಗೆ ಮೊದಲು ನೆನಪಾಗುವುದು ಬಚ್ಚಲುಮನೆಯ ಗೋಡೆಗೆ ನೇತುಹಾಕಿದ ಡಬ್ಬಿ. ಆದರೆ ಆ ಹೆಸರಿನ ಮೂಲ ಐಸ್‌ಲ್ಯಾಂಡಿನ ಒಂದು ಬಿಸಿನೀರಿನ ಚಿಲುಮೆ. ಹೀಗೆ ನೆಲದಿಂದ ಆಗಾಗ ಕುದಿನೀರು ಚಿಮ್ಮಿಸುವ ಚಿಲುಮೆಗಳಲ್ಲಿ ಅರ್ಧದಷ್ಟಕ್ಕೂ ಹೆಚ್ಚು ಇರುವುದು ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ. 1872ರಲ್ಲಿ ಸ್ಥಾಪನೆಯಾದ ಈ ಉದ್ಯಾನಕ್ಕೆ ರಜೆಯಲ್ಲಿ ಹೋಗುವವರ ಬಾಯಲ್ಲಿ ಕೇಳಿಬರುವ ಕೆಲವು ಮಾತುಗಳನ್ನು ನಾವಿಲ್ಲಿ ಪರಿಶೀಲಿಸೋಣ. ಇವುಗಳಲ್ಲಿ ಕೆಲವನ್ನು ನಂಬಿದರೆ ಜೀವಕ್ಕೇ ಅಪಾಯ.

"ಓಲ್ಡ್ ಫೇತ್‌ಫುಲ್ ಗಂಟೆಗೊಮ್ಮೆ ಸರಿಯಾಗಿ ಚಿಮ್ಮುತ್ತದೆ"

ಇಲ್ಲ. ಈ ಪ್ರಸಿದ್ಧ ಗೀಸರ್‌ನ ಎರಡು ಚಿಮ್ಮುಗಳ ನಡುವಿನ ಅಂತರ ಸುಮಾರು 60ರಿಂದ 110 ನಿಮಿಷ. ಕಾರಣ ತಿಳಿಯಲು ನಮ್ಮ ಅಡುಗೆಮನೆಯ ಕುಕ್ಕರನ್ನು ನೆನೆಯೋಣ. ಒತ್ತಡ ಹೆಚ್ಚಿದ್ದಾಗ ನೀರು 100 ಡಿಗ್ರಿ ಸೆಲ್ಸಿಯಸ್ ದಾಟಿದರೂ ಕುದಿಯುವುದಿಲ್ಲ. ನೆಲದಾಳದ ಕಿರಿದಾದ ಕೊಳವೆಯಲ್ಲೂ ಹೀಗೆಯೇ. ಮೇಲಿನ ನೀರಿನ ಭಾರ ಕೆಳಗಿನ ನೀರನ್ನು ಕುದಿಯಗೊಡುವುದಿಲ್ಲ. ಬಿಸಿ ಏರುತ್ತಾ ಹೋಗಿ ಮೇಲಿನಿಂದ ಸ್ವಲ್ಪ ನೀರು ಹೊರಚೆಲ್ಲಿದೊಡನೆ ಒತ್ತಡ ಇಳಿಯುತ್ತದೆ. ಕೆಳಗಿನ ನೀರು ಥಟ್ಟನೆ ಆವಿಯಾಗಿ ಎಲ್ಲವನ್ನೂ ಮೇಲಕ್ಕೆಸೆಯುತ್ತದೆ. ಚಿಮ್ಮು ಚಿಕ್ಕದಾಗಿದ್ದರೆ ಕೊಳವೆ ಪೂರ್ತಿ ಬರಿದಾಗಿರುವುದಿಲ್ಲ, ಹಾಗಾಗಿ ಮುಂದಿನದು ಬೇಗ ಬರುತ್ತದೆ. ದೀರ್ಘವಾಗಿದ್ದರೆ ಹೆಚ್ಚು ಕಾಯಬೇಕು. ಸಿಬ್ಬಂದಿ ಮುಂದಿನ ಸಮಯವನ್ನು ಊಹಿಸುವುದು ಇದೇ ಲೆಕ್ಕದಲ್ಲಿ. ಆಗಲೂ ಹತ್ತು ನಿಮಿಷ ಹಿಂದುಮುಂದಾಗಬಹುದು.

"ನೆಲ ಗಟ್ಟಿಯಾಗಿದೆ, ಎರಡು ಹೆಜ್ಜೆ ಇಟ್ಟರೇನಂತೆ?"

ಇದೇ ಎಲ್ಲಕ್ಕಿಂತ ಅಪಾಯಕಾರಿ ನಂಬಿಕೆ. ಚಿಲುಮೆಗಳ ಸುತ್ತ ಕಾಣುವ ಬಿಳಿ ನೆಲ ಬಿಸಿನೀರು ಬಿಟ್ಟುಹೋದ ಖನಿಜಗಳ ಹೆಪ್ಪು. ಹಲವೆಡೆ ಅದು ತೆಳುವಾದ ಹಪ್ಪಳದಂತಿದ್ದು, ಕೆಳಗೆ ಕುದಿನೀರು ಇರುತ್ತದೆ. ಇಲ್ಲಿನ ಬಿಸಿನೀರಿನಲ್ಲಿ ಸುಟ್ಟುಕೊಂಡು ಇದುವರೆಗೆ 20ಕ್ಕೂ ಹೆಚ್ಚು ಮಂದಿ ಸತ್ತಿದ್ದಾರೆ. ಮರದ ಹಲಗೆಯ ಕಾಲುದಾರಿ ಬರೀ ಕೆಸರು ತಪ್ಪಿಸಲು ಹಾಕಿದ್ದಲ್ಲ. ಅದನ್ನು ಬಿಟ್ಟು ಇಳಿಯಬಾರದು, ಮಕ್ಕಳ ಕೈ ಬಿಡಬಾರದು.

"ಕೊಳಕ್ಕೆ ಒಂದು ನಾಣ್ಯ ಹಾಕಿದರೆ ಏನೂ ಆಗದು"

ಮಾರ್ನಿಂಗ್ ಗ್ಲೋರಿ ಎಂಬ ಕೊಳ ಹಿಂದೆ ಅಚ್ಚ ನೀಲಿಯಾಗಿತ್ತು. ಪ್ರವಾಸಿಗರು ಎಸೆದ ನಾಣ್ಯ, ಕಲ್ಲು, ಕಸದಿಂದ ಬಿಸಿನೀರು ಬರುವ ದಾರಿ ಕಟ್ಟಿಕೊಂಡು ನೀರು ತಣ್ಣಗಾಯಿತು. ಆಗ ಅಂಚಿನಲ್ಲಿದ್ದ ಹಳದಿ, ಕಿತ್ತಳೆ ಬಣ್ಣದ ಸೂಕ್ಷ್ಮಜೀವಿಗಳು ಒಳಕ್ಕೂ ಹಬ್ಬಿದವು. ಇಲ್ಲಿನ ಕೊಳಗಳ ಅಂಚಿಗೆ ಕಾಣುವ ರಂಗು ಬಹುಪಾಲು ಇಂಥ ಜೀವಿಗಳದ್ದೇ. ಇವು ನಮಗೂ ಉಪಕಾರ ಮಾಡಿವೆ. 1960ರ ದಶಕದಲ್ಲಿ ಥಾಮಸ್ ಬ್ರಾಕ್ ಮತ್ತು ಹಡ್ಸನ್ ಫ್ರೀಜ್ ಇಲ್ಲಿನ ಬಿಸಿನೀರಿನಲ್ಲಿ ಥರ್ಮಸ್ ಅಕ್ವಾಟಿಕಸ್ ಎಂಬ ಬ್ಯಾಕ್ಟೀರಿಯಾ ಕಂಡುಹಿಡಿದರು. ಬಿಸಿಗೆ ಕೆಡದ ಅದರ ಕಿಣ್ವದಿಂದಲೇ ಪಿಸಿಆರ್ ಪರೀಕ್ಷೆ ಸುಲಭವಾಗಿ, ಎಲ್ಲೆಡೆ ಹರಡಿದ್ದು. ಕೋವಿಡ್ ಕಾಲದಲ್ಲಿ ನಾವು ಮೂಗು ಒಡ್ಡಿ ನಿಂತದ್ದು ಇದೇ ಬಗೆಯ ಪರೀಕ್ಷೆಗೆ.

"ಬೈಸನ್ ಸಾಧು, ಪಕ್ಕದಲ್ಲೇ ಫೋಟೊ ತೆಗೆಯಬಹುದು"

ನಮ್ಮ ಬಂಡೀಪುರ, ನಾಗರಹೊಳೆಯ ಕಾಟಿಯನ್ನೂ ಕೆಲವರು ಬೈಸನ್ ಎನ್ನುತ್ತಾರೆ. ಅದು ಬೇರೆ, ಇದು ಬೇರೆ. ಅಲ್ಲಿ ನಾವು ಸಫಾರಿ ವಾಹನದಿಂದ ಕೆಳಗಿಳಿಯುವಂತಿಲ್ಲ. ಯೆಲ್ಲೋಸ್ಟೋನಿನಲ್ಲಿ ನಾವು ನಡೆದಾಡುವ ಕಡೆಗೇ ಬೈಸನ್ ಬಂದು ಮೇಯುತ್ತದೆ, ಆದ್ದರಿಂದ ಎಚ್ಚರದ ಹೊಣೆ ನಮ್ಮದೇ. ದೊಡ್ಡ ಗಂಡು ಬೈಸನ್ 900 ಕಿಲೋ ತೂಗಬಲ್ಲದು, ಮನುಷ್ಯನ ಮೂರರಷ್ಟು ವೇಗದಲ್ಲಿ ಓಡಬಲ್ಲದು. ಈ ಉದ್ಯಾನದಲ್ಲಿ ಬೇರಾವ ಪ್ರಾಣಿಗಿಂತಲೂ ಹೆಚ್ಚು ಜನರನ್ನು ಗಾಯಗೊಳಿಸಿರುವುದು ಇದೇ. ಬಾಲ ಎತ್ತಿದರೆ, ಕಾಲಿನಿಂದ ನೆಲ ಕೆರೆದರೆ ಅದು ಸಿಟ್ಟಾಗಿದೆ ಎಂದರ್ಥ. ಬೈಸನ್ ಮತ್ತು ಎಲ್ಕ್ ಜಿಂಕೆಗಳಿಂದ ಕನಿಷ್ಠ 23 ಮೀಟರ್, ಕರಡಿ ಮತ್ತು ತೋಳಗಳಿಂದ 91 ಮೀಟರ್ ದೂರವಿರಬೇಕೆಂಬುದು ಅಲ್ಲಿನ ನಿಯಮ. ಪ್ರಾಣಿಯೇ ಹತ್ತಿರ ಬಂದರೆ ನಾವು ಹಿಂದೆ ಸರಿಯಬೇಕು.

"ಒಂಟಿ ಮರಿಯನ್ನು ಕಾಪಾಡುವುದು ಪುಣ್ಯ"

2016ರಲ್ಲಿ ಪ್ರವಾಸಿಗರು ಬೈಸನ್ ಕರುವೊಂದಕ್ಕೆ ಚಳಿಯಾಗುತ್ತಿದೆ ಎಂದುಕೊಂಡು ಕಾರಿಗೆ ಹತ್ತಿಸಿಕೊಂಡರು. ಆಮೇಲೆ ಸಿಬ್ಬಂದಿ ಎಷ್ಟು ಪ್ರಯತ್ನಿಸಿದರೂ ಹಿಂಡು ಅದನ್ನು ಸೇರಿಸಿಕೊಳ್ಳಲಿಲ್ಲ. ಕೊನೆಗೆ ಆ ಕರುವಿಗೆ ದಯಾಮರಣ ಕೊಡಬೇಕಾಯಿತು. ಮರಿ ಒಂಟಿಯಾಗಿ ಕಂಡರೆ ಮುಟ್ಟದೆ ಸಿಬ್ಬಂದಿಗೆ ತಿಳಿಸುವುದೇ ಸರಿಯಾದ ಸಹಾಯ.

ಹಾಗಾದರೆ ಏನು ಮಾಡಬೇಕು? ದುರ್ಬೀನು ಒಯ್ಯಿರಿ. ಪ್ರಾಣಿಗಳನ್ನು ಮುಂಜಾನೆ ಅಥವಾ ಮುಸ್ಸಂಜೆ ಹುಡುಕಿ. ಗೀಸರ್ ಎದುರು ಕೂರುವಾಗ ಕೈಯಲ್ಲಿ ಒಂದೆರಡು ಗಂಟೆ ಬಿಡುವಿರಲಿ. ಅದು ನಮ್ಮ ವೇಳಾಪಟ್ಟಿ ಕೇಳುವುದಿಲ್ಲ.