ಎತ್ತಿನ ಮುಖ ಬಂದೈತೆ, ಬಿತ್ತಿದವಳು ಎಲ್ಲಿ?

2023ರಲ್ಲಿ ಮಳೆ ಕೈಕೊಟ್ಟಿತು. ರಾಗಿ ಗೇಣುದ್ದ ಎದ್ದು ಹಾಗೇ ಒಣಗಿತು. ಆಗ ಒಂದು ಪತ್ರಿಕೆಯಿಂದ ಫೋಟೋ ತೆಗೆಯುವವರು ನಮ್ಮೂರಿಗೆ ಬಂದಿದ್ದರು. ಕರೆದುಕೊಂಡು ಹೋಗಿ ಹೊಲ ತೋರಿಸಿದೆ. ಅವರಿಗೆ ಅದು ಹಿಡಿಸಲಿಲ್ಲ. ನಮ್ಮದು ಕೆಂಪು ಮರಳುಮಣ್ಣು, ಎಷ್ಟು ಒಣಗಿದರೂ ಬಿರುಕು ಬಿಡೋದಿಲ್ಲ ನೋಡಿ. "ಕೆರೆ ಒಳಗೆ ಹೋಗೋಣ ಬನ್ನಿ ಯಜಮಾನ್ರೆ" ಅಂದರು. ಕೆರೆ ಅಂಗಳದ ಜೇಡಿ ಅಂಗೈಯಗಲ ಸೀಳಿತ್ತು. ಅಲ್ಲಿ ಕೂರಿಸಿ, ತಲೆ ಮೇಲೆ ಕೈ ಇಟ್ಟುಕೊಳ್ಳಿ ಅಂದರು. ನಾನೂ ಇಟ್ಟುಕೊಂಡೆ.

ಫೋಟೋ ಚೆನ್ನಾಗಿಯೇ ಬಂತು. ಕೆಳಗೆ, ಎಲ್ಲ ಕಳೆದುಕೊಂಡ ರೈತ ಅಂತ ಒಂದು ಸಾಲು. ಮರುದಿನವೇ ಕೈಸಾಲ ಕೊಟ್ಟವರು ಬಾಗಿಲಿಗೆ ಬಂದರು. ಇವನು ಮುಳುಗಿದ, ಈಗಲೇ ಕೇಳದಿದ್ದರೆ ಬರೋದಿಲ್ಲ ಅಂತ ಅವರ ಲೆಕ್ಕ. ಬೀಗರ ಕಡೆಯಿಂದಲೂ ಫೋನು. ರಾಗಿ ಹೋದದ್ದು ನಿಜ. ಆದರೆ ಹಿಂದಿನ ವರ್ಷದ ಹುಲ್ಲಿನ ಬಣವೆ ಅರ್ಧ ಉಳಿದಿತ್ತು, ಎರಡು ಹಸು ಹಾಲು ಕೊಡ್ತಿದ್ದವು, ಹುಣಿಸೆಮರ ನಾಲ್ಕು ಇದ್ದವು. ಮಳೆ ಹೋದ ವರ್ಷ ನಾವು ಬದುಕೋದು ಅವುಗಳ ಮೇಲೆ. ಅದು ಯಾವುದೂ ಆ ಒಂದು ಫೋಟೋದಲ್ಲಿ ಇರಲಿಲ್ಲ.

ಈ ಸಂಕಟವನ್ನು ನಮ್ಮೂರ ನಿವೃತ್ತ ಮೇಷ್ಟ್ರ ಹತ್ತಿರ ಹೇಳಿಕೊಂಡೆ. ಅವರು, "ಒಂದೇ ಫೋಟೋ ಗಾದೆ ಇದ್ದಂಗೆ ಕಣಯ್ಯ. ಸಾಲಾಗಿ ಹತ್ತು ಫೋಟೋ ಇಟ್ಟರೆ ಕಥೆ ಆಗುತ್ತೆ" ಅಂದರು. ಇಂಗ್ಲಿಷಿನಲ್ಲಿ ಇದಕ್ಕೆ ಫೋಟೋ ಎಸ್ಸೇ ಅಂತಾರಂತೆ. ನಾನು ಫೋಟೋ ಕಥೆ ಅಂತಲೇ ಕರೀತೀನಿ. ಆಮೇಲೆ ಅವರು ಒಂದೊಂದಾಗಿ ಓದಿ ಹೇಳಿದ ಸಂಗತಿಗಳು ನಮ್ಮಂಥ ಒಣಬೇಸಾಯದವರಿಗೆ ತುಂಬ ಹತ್ತಿರದವು. ಅದಕ್ಕೇ ಬರೆಯುತ್ತಿದ್ದೇನೆ.

ಅಮೆರಿಕದಲ್ಲಿ 1930ರ ದಶಕದಲ್ಲಿ ದೊಡ್ಡ ಬರ. ಹುಲ್ಲುಗಾವಲನ್ನೆಲ್ಲ ಉತ್ತು ಗೋಧಿ ಹಾಕಿದ್ದರು. ಮಳೆ ನಿಂತ ಮೇಲೆ ಮೇಲ್ಮಣ್ಣು ಧೂಳಾಗಿ ಎದ್ದು ಹೋಯಿತು. ಲಕ್ಷಾಂತರ ಜನ ಗುಳೆ ಹೊರಟರು. ಆ ರೈತರಿಗೆ ನೆರವಾಗಲು 1935ರಲ್ಲಿ ಸರ್ಕಾರ ಒಂದು ಇಲಾಖೆ ಮಾಡಿತು. ಅದರಲ್ಲೇ ಫೋಟೋ ವಿಭಾಗ ಅಂತಲೂ ಒಂದಿತ್ತು. ಮುಖ್ಯಸ್ಥ ರಾಯ್ ಸ್ಟ್ರೈಕರ್. ಈತ ಫೋಟೋಗ್ರಾಫರ್ ಅಲ್ಲ, ಅರ್ಥಶಾಸ್ತ್ರದ ಮೇಷ್ಟ್ರು. ಒಮ್ಮೆ ಕಾರ್ಲ್ ಮೈಡನ್ಸ್ ಎಂಬ ಹುಡುಗನನ್ನು ಹತ್ತಿ ಬೆಳೆಯೋ ಸೀಮೆಗೆ ಕಳಿಸೋದಿತ್ತು. ಹೊರಡುವಾಗ ಸ್ಟ್ರೈಕರ್, "ಹತ್ತಿ ಬಗ್ಗೆ ನಿನಗೇನು ಗೊತ್ತು?" ಅಂತ ಕೇಳಿದ. "ಅಷ್ಟೇನೂ ಗೊತ್ತಿಲ್ಲ" ಅಂದ ಹುಡುಗ. ಪ್ರಯಾಣ ನಿಲ್ಲಿಸಿ, ಅವನನ್ನು ಕೂರಿಸಿಕೊಂಡು, ಹತ್ತಿ ಅಂದರೇನು, ಅದರಿಂದ ಯಾರು ಬದುಕುತ್ತಾರೆ, ಯಾರು ಹಾಳಾಗುತ್ತಾರೆ ಅಂತ ರಾತ್ರಿಯವರೆಗೂ ಹೇಳಿ ಕಳಿಸಿದ. ಫೋಟೋ ತೆಗೆಯೋರಿಗೆಲ್ಲ ಪಟ್ಟಿ ಬೇರೆ ಕೊಡ್ತಿದ್ದ. ಜನ ಎಲ್ಲಿ ಸೇರ್ತಾರೆ, ಸಂಜೆ ಮನೆಯೊಳಗೆ ಏನು ಮಾಡ್ತಾರೆ, ಹೀಗೆ. ಕೊನೆಗೆ ಸೇರಿದ್ದು ಸುಮಾರು 1,75,000 ನೆಗೆಟಿವ್. ಅವು ಇವತ್ತಿಗೂ ಅಮೆರಿಕದ ಸಂಸತ್ತಿನ ಗ್ರಂಥಾಲಯದಲ್ಲಿವೆ.

ನನಗೆ ಇದರಲ್ಲಿ ಕಂಡದ್ದು ಏನೆಂದರೆ, ಹತ್ತಿ ಗೊತ್ತಿಲ್ಲದ ಹುಡುಗನಿಗೆ ಒಂದು ರಾತ್ರಿ ಪಾಠ ಬೇಕಾಯಿತು. ರಾಗಿಯದ್ದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮಗೆ ಗೊತ್ತಿಲ್ಲದ್ದು ಕ್ಯಾಮೆರಾ ಒಂದೇ, ಅದೂ ಈಗ ಎಲ್ಲರ ಜೇಬಲ್ಲಿ ಬಂದು ಕೂತಿದೆ.

ಅವರೂ ತಪ್ಪು ಮಾಡಿದ್ದಾರೆ, ಅದನ್ನೂ ಹೇಳಬೇಕು. 1936ರಲ್ಲಿ ಅದೇ ವಿಭಾಗದ ಆರ್ಥರ್ ರಾಥ್‌ಸ್ಟೀನ್ ಎಂಬಾತ ದಕ್ಷಿಣ ಡಕೋಟಾದಲ್ಲಿ ದನದ ತಲೆಬುರುಡೆ ಒಂದನ್ನು ಕಂಡ. ಅದನ್ನು ಒಂದಷ್ಟು ಅಡಿ ಜರುಗಿಸಿ, ಬಿರುಕು ನೆಲದ ಮೇಲಿಟ್ಟೂ ಫೋಟೋ ತೆಗೆದ. ಸರ್ಕಾರದ ವಿರೋಧಿಗಳಿಗೆ ಇದು ಗೊತ್ತಾಗಿ, ಬರವೇ ಸುಳ್ಳು ಅಂತ ಪತ್ರಿಕೆಗಳಲ್ಲಿ ಹುಯ್ಯಲೆಬ್ಬಿಸಿದರು. ಬರ ನಿಜವಾಗಿಯೇ ಇತ್ತು. ಬುರುಡೆ ಜರುಗಿಸಿದ್ದಕ್ಕೆ ಬರಕ್ಕೇ ಸಾಕ್ಷಿ ಇಲ್ಲದಂತಾಯಿತು. ಇದನ್ನು ಕೇಳಿದಾಗ ನನಗೆ ಕೆರೆ ಅಂಗಳದಲ್ಲಿ ಕೂತದ್ದು ನೆನಪಾಗಿ ನಗು ಬಂತು. ನಾನೇ ಬುರುಡೆ ಆಗಿದ್ದೆ.

ಇನ್ನೊಂದು ಫೋಟೋ ಜಗತ್ತಿಗೇ ಗೊತ್ತಿರೋದು. 1936ರ ಮಾರ್ಚ್, ಕ್ಯಾಲಿಫೋರ್ನಿಯಾದ ನಿಪೋಮೋ ಅನ್ನೋ ಊರು. ಬಟಾಣಿ ಬೆಳೆ ಹಾಳಾಗಿ, ಬಿಡಿಸಲು ಬಂದ ಕೂಲಿಯವರಿಗೆ ಕೆಲಸವಿಲ್ಲ. ಡೊರೊಥಿಯಾ ಲ್ಯಾಂಗ್ ಎಂಬ ಹೆಂಗಸು ಗುಡಾರದಡಿ ಮಕ್ಕಳೊಂದಿಗೆ ಕೂತಿದ್ದ ತಾಯಿಯೊಬ್ಬಳ ಫೋಟೋ ತೆಗೆದಳು. ಪತ್ರಿಕೆಯಲ್ಲಿ ಬಂತು. ಸರ್ಕಾರ ಅಲ್ಲಿಗೆ 20,000 ಪೌಂಡು, ಅಂದರೆ ಸುಮಾರು 90 ಕ್ವಿಂಟಾಲ್ ಆಹಾರ ಕಳಿಸಿತು. ಕೂಲಿಯವರಿಗೆ ಊಟ ಸಿಕ್ಕಿತು. ಆ ತಾಯಿ ಅಷ್ಟು ಹೊತ್ತಿಗೆ ಅಲ್ಲಿಂದ ಹೊರಟುಹೋಗಿದ್ದಳು. ಲ್ಯಾಂಗ್ ಅವಳ ಹೆಸರು ಕೇಳಿರಲಿಲ್ಲ. ಊಟಕ್ಕಾಗಿ ಕಾರಿನ ಟೈರು ಮಾರಿದ್ದರು ಅಂತ ಬರೆದುಕೊಂಡಿದ್ದಳು, ಹಾಗೆ ಮಾರಿಯೇ ಇಲ್ಲ ಅಂತ ಮನೆಯವರು ಆಮೇಲೆ ಹೇಳಿದರು. ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಅಂತ ಹೆಸರು ಹೊರಗೆ ಬಂದದ್ದು 1978ರಲ್ಲಿ, 42 ವರ್ಷದ ಮೇಲೆ. ಆ ಫೋಟೋದಿಂದ ತನಗೆ ಒಂದು ಕಾಸೂ ಬರಲಿಲ್ಲ ಅಂತ ಆಕೆ ಕೊರಗಿದಳು. ಒಳ್ಳೆಯದಾಗಿದ್ದು ಹೌದು, ಅನ್ಯಾಯವಾಗಿದ್ದೂ ಹೌದು.

ನಮ್ಮ ದೇಶದ್ದು ಒಂದಿದೆ. ಪಿ. ಸಾಯಿನಾಥ್ ಅವರು 1993ರಿಂದ 2002ರವರೆಗೆ ಹತ್ತು ರಾಜ್ಯ ಸುತ್ತಿ ಹಳ್ಳಿ ಹೆಂಗಸರ ದುಡಿಮೆಯ ಫೋಟೋ ತೆಗೆದರು. ಇಟ್ಟಿಗೆ ಹೊರೋರು, ನಾಟಿ ಹಾಕೋರು, ಸೌದೆ ಹೊರೋರು. ಕೆಲಸ ಕಾಣುತ್ತೆ, ಮಾಡೋ ಹೆಂಗಸು ಕಾಣೋದಿಲ್ಲ ಅನ್ನೋ ಅರ್ಥದ ಹೆಸರಿಟ್ಟು, ಬಸ್ ನಿಲ್ದಾಣ, ಕಾರ್ಖಾನೆ ಗೇಟು, ಕೂಲಿಕಾರರ ಸಭೆಗಳಲ್ಲೆಲ್ಲ ಬೋರ್ಡು ನಿಲ್ಲಿಸಿ ತೋರಿಸಿದರು. ಅದರಲ್ಲಿ ಒಂದು ಫೋಟೋದಲ್ಲಿ ಜಮೀನಿನವನು ಎದೆ ಸೆಟೆಸಿ ನಿಂತಿದ್ದಾನೆ, ಹೆಂಗಸರೆಲ್ಲ ಬಗ್ಗಿಕೊಂಡು ಕೆಲಸ ಮಾಡುತ್ತಿದ್ದಾರೆ. ಅವರೇ 2014ರಲ್ಲಿ ಶುರು ಮಾಡಿದ 'ಪರಿ' ಸಂಸ್ಥೆಯಲ್ಲಿ ಇಂಥ ಫೋಟೋ ಕಥೆಗಳು ಕನ್ನಡದಲ್ಲೂ ಬರುತ್ತವೆ.

ಇಷ್ಟೆಲ್ಲ ಕೇಳಿ ನಾನೂ ಒಂದು ಕಥೆ ಮಾಡಲು ಹೊರಟೆ. ಎರಡೆಕರೆ ರಾಗಿ, ತಿಪ್ಪೆಗೊಬ್ಬರದಿಂದ ಹಿಡಿದು ಕಣಜದವರೆಗೆ. ಮಗನ ಮೊಬೈಲು. ಕೂರಿಗೆ ಬಿತ್ತನೆ ದಿನ ಎತ್ತು, ಕೂರಿಗೆ, ಹಿಡಿದ ನಮ್ಮಣ್ಣ, ಹಿಂದೆ ಮೋಡ, ಸೊಗಸಾಗಿ ಬಂತು. ಹೆಮ್ಮೆಯಿಂದ ಮನೆಯವಳಿಗೆ ತೋರಿಸಿದೆ. ನೋಡಿದಳು. "ಎತ್ತಿನ ಮುಖ ಬಂದೈತೆ. ನಾನೆಲ್ಲಿ?" ಅಂದಳು.

ಅಕ್ಕಡಿ ಸಾಲು ಗೊತ್ತಿರೋರಿಗೆ ಇದು ಅರ್ಥವಾಗುತ್ತೆ. ಕೂರಿಗೆ ಹಿಂದೆ ಹಗ್ಗಕ್ಕೆ ಸಡ್ಡೆ ಕಟ್ಟಿರುತ್ತೆ. ಅದನ್ನು ಒಂದು ಕೈಲಿ ಹಿಡಿದು, ಮಡಿಲಲ್ಲಿರೋ ಅವರೆಬೀಜ ಇನ್ನೊಂದು ಕೈಲಿ ಬಿಡುತ್ತ ಹೆಂಗಸು ನಡೀಬೇಕು. ಎತ್ತಿನ ಹೆಜ್ಜೆಗೆ ಹೆಜ್ಜೆ, ಬೀಜದ ಅಂತರ ತಪ್ಪಬಾರದು. ಮೂವತ್ತು ವರ್ಷದಿಂದ ಆ ಕೆಲಸ ಅವಳದ್ದೇ. ಫೋಟೋದಲ್ಲಿ ಸೀರೆಯ ತುದಿ ಮಾತ್ರ ಬಂದಿತ್ತು, ಅದನ್ನೂ ನಾನೇ ಅಂಚು ಕತ್ತರಿಸಿ ತೆಗೆದಿದ್ದೆ, ಎತ್ತು ದೊಡ್ಡದಾಗಿ ಕಾಣಲಿ ಅಂತ! ಪತ್ರಿಕೆಯವರನ್ನು ಬೈದ ನಾನು ಮನೆಯಲ್ಲೇ ಅದನ್ನು ಮಾಡಿದ್ದೆ.

ಬಿತ್ತನೆ ಮತ್ತೆ ಬರೋದು ಮುಂದಿನ ವರ್ಷ. ಪುಣ್ಯಕ್ಕೆ ಪಕ್ಕದ ಹೊಲ ಇನ್ನೂ ಆಗಿರಲಿಲ್ಲ, ಮುಯ್ಯಾಳಾಗಿ ಅಲ್ಲಿಗೂ ಅವಳು ಹೋಗೋಳಿದ್ದಳು. ಅಲ್ಲಿ ಮೊದಲು ಅವಳ ಕೈ ಮತ್ತು ಸಡ್ಡೆಯ ಬಾಯಿ ಹತ್ತಿರದಿಂದ, ಆಮೇಲೆ ದೂರದಿಂದ ಎತ್ತು, ಕೂರಿಗೆ, ಅವಳು ಎಲ್ಲ ಒಂದೇ ಫೋಟೋದಲ್ಲಿ ಬರುವಂತೆ ತೆಗೆದೆ. ಅದು ಪಕ್ಕದವರ ಹೊಲ ಅಂತಲೇ ಕೆಳಗೆ ಬರೆದಿದ್ದೇನೆ.

ಮಾಡುವವರಿಗೆ ಕೆಲವು ಮಾತು. ಬೆಳಿಗ್ಗೆ ಒಂಬತ್ತರೊಳಗೆ, ಸಂಜೆ ನಾಲ್ಕರ ಮೇಲೆ ತೆಗೆಯಿರಿ. ನಡುಹಗಲಲ್ಲಿ ರುಮಾಲಿನ ನೆರಳು ಬಿದ್ದು ಮುಖ ಇದ್ದಿಲಾಗುತ್ತೆ. ಮೊಬೈಲಿನಲ್ಲಿ ದೂರದ್ದನ್ನು ಹತ್ತಿರಕ್ಕೆ ಎಳೆಯಬೇಡಿ, ಕಾಲು ಇದೆಯಲ್ಲ, ನಡೆದು ಹೋಗಿ. ಇಡೀ ಹೊಲದ್ದು ಒಂದು, ಕೆಲಸ ಮಾಡುವವರದ್ದು ಒಂದು, ಬರೀ ಕೈ ಅಥವಾ ಉಪಕರಣದ್ದು ಒಂದು, ಹೀಗೆ ಮೂರು ದೂರದಿಂದ ತೆಗೆದರೆ ಜೋಡಿಸುವಾಗ ಸುಲಭ. ಯಾರನ್ನೂ ನಿಲ್ಲಿಸಿ, ನಗಿ ಅನ್ನಬೇಡಿ. ಕಳೆ ತೆಗೆಯುವವರ ಜೊತೆ ಅರ್ಧ ದಿನ ಕಳೆ ತೆಗೆದರೆ ಆಮೇಲೆ ಅವರು ಮೊಬೈಲಿನ ಕಡೆ ನೋಡೋದೇ ಇಲ್ಲ.

ಅಡಿಬರಹ ನನಗೆ ಫೋಟೋಗಿಂತ ಕಷ್ಟವಾಯಿತು. ಯಾರು, ಯಾವ ಹೊಲ, ಯಾವ ಮಳೆ, ಯಾವ ತಿಂಗಳು, ಇಷ್ಟು ಇರಲೇಬೇಕು. ಬಡ ರೈತ, ಅನ್ನದಾತ ಅಂಥ ಮಾತೆಲ್ಲ ಬೇಡ. ಬರೆದದ್ದನ್ನು ಫೋಟೋದಲ್ಲಿರುವವರಿಗೇ ಓದಿ ಹೇಳಿ. ನಾನು ಒಬ್ಬರಿಗೆ ಕೂಲಿ ಅಂತ ಬರೆದಿದ್ದೆ, "ನಾನು ಮುಯ್ಯಿಗೆ ಬಂದಿದ್ದು, ಕೂಲಿಗಲ್ಲ" ಅಂತ ತಿದ್ದಿಸಿದರು.

ಡಿಸೆಂಬರ್ ಹೊತ್ತಿಗೆ ನಾನೂರಕ್ಕೂ ಮೇಲೆ ಫೋಟೋ ಇದ್ದವು. ಒಕ್ಕಣೆಯದ್ದು, ರಸ್ತೆ ಮೇಲೆ ತೆನೆ ಹರಡಿ ವಾಹನ ಓಡಿಸೋದು, ತೋರಿಸೋದೋ ಬೇಡವೋ ಅಂತ ಮನೆಯಲ್ಲಿ ವಾದವೇ ಆಯಿತು. ಕಣ ಮಾಡೋರು ಈಗ ಯಾರಿದ್ದಾರೆ, ಇರೋದನ್ನೇ ಇಟ್ಟೆವು. ಕೊನೆಗೆ ಹತ್ತು ಉಳಿಸಿಕೊಂಡು, ಪೇಟೆಯಲ್ಲಿ ಪ್ರಿಂಟ್ ಹಾಕಿಸಿ, ಹಾಲಿನ ಡೈರಿ ಗೋಡೆಗೆ ಅಂಟಿಸಿದೆವು. ಹಾಲು ಹಾಕಲು ಬಂದವರು ಕ್ಯಾನು ಕೆಳಗಿಟ್ಟು ನೋಡಿದರು. ಮೂರನೇ ದಿನ ಒಬ್ಬ ಹೆಣ್ಣುಮಗಳು, ಗೊಬ್ಬರ ಹೊರುವ ತನ್ನ ಫೋಟೋ ಗಂಡಿನ ಕಡೆಯವರು ನೋಡುತ್ತಾರೆ, ತೆಗೀರಿ ಅಣ್ಣ ಅಂದಳು. ತೆಗೆಯುವಾಗ ಒಪ್ಪಿದ್ದಳು, ಆದರೂ ತೆಗೆದು ಅವಳ ಕೈಗೇ ಕೊಟ್ಟೆ. ಈಗ ಒಂಬತ್ತಿವೆ. ಗೊಬ್ಬರದ ಜಾಗ ಖಾಲಿ. ಈ ಬೇಸಿಗೆಯಲ್ಲಿ ತಿಪ್ಪೆ ಹೊಡೆಯುವಾಗ ನಾನು ಬುಟ್ಟಿ ಹೊರುತ್ತೇನೆ, ಮೊಬೈಲು ಮನೆಯವಳ ಕೈಲಿರುತ್ತೆ.