ಆಯ್ಕೆಯ ಊಹೆ ಬೇರೆ, ಆಟಗಾರನ ಊಹೆ ಬೇರೆ

2025ರ ಮೇ 12ರಂದು ಷಿಕಾಗೋದಲ್ಲಿ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಲಾಟರಿ ಎತ್ತಿದಾಗ, ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಆ ವರ್ಷದ ಡ್ರಾಫ್ಟ್‌ನಲ್ಲಿ ಮೊದಲ ಆಟಗಾರನನ್ನು ಆರಿಸುವ ಹಕ್ಕು ಡಲ್ಲಾಸ್ ಮ್ಯಾವೆರಿಕ್ಸ್ ತಂಡದ ಪಾಲಾಯಿತು. ಹದಿನಾಲ್ಕು ಚೆಂಡುಗಳಿಂದ ನಾಲ್ಕನ್ನು ಎತ್ತಿದರೆ 1,001 ಬಗೆಯ ಜೋಡಣೆಗಳು ಸಾಧ್ಯ. ಒಂದನ್ನು ಪಕ್ಕಕ್ಕಿಟ್ಟು ಉಳಿದ ಸಾವಿರವನ್ನು ಪ್ಲೇಆಫ್ ತಲುಪದ 14 ತಂಡಗಳಿಗೆ ಹಂಚಿದ್ದರು. ಡಲ್ಲಾಸ್ ಪಾಲಿಗೆ ಬಂದಿದ್ದು ಹದಿನೆಂಟೇ ಹದಿನೆಂಟು, ಅಂದರೆ ಶೇ. 1.8 ಅವಕಾಶ. ಲಾಟರಿ ಯಾರಿಗೆ ಬೀಳುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಗೆದ್ದವರು ಯಾರನ್ನು ಆರಿಸುತ್ತಾರೆಂಬುದು ಮಾತ್ರ ತಿಂಗಳುಗಳ ಮೊದಲೇ ಎಲ್ಲರಿಗೂ ಗೊತ್ತಿತ್ತು. ಜೂನ್ 25ರಂದು ಬ್ರೂಕ್ಲಿನ್‌ನಲ್ಲಿ ಕೂಗಿದ ಮೊದಲ ಹೆಸರು ಡ್ಯೂಕ್ ವಿಶ್ವವಿದ್ಯಾಲಯದ ಹದಿನೆಂಟು ವರ್ಷದ ಕೂಪರ್ ಫ್ಲ್ಯಾಗ್.

ಇಂಥ ಸುದ್ದಿ ಬಂದಾಗಲೆಲ್ಲ ದತ್ತಾಂಶದ ಕೆಲಸದಲ್ಲಿರುವ ಯುವಕರಿಂದ ಒಂದು ಪ್ರಶ್ನೆ ಬರುತ್ತದೆ: ಕಾಲೇಜು ಆಟದ ಅಂಕಿಅಂಶಗಳನ್ನೆಲ್ಲ ಕಂಪ್ಯೂಟರಿಗೆ ಉಣಿಸಿದರೆ, ಯಾರು ಯಾರು ಡ್ರಾಫ್ಟ್ ಆಗುತ್ತಾರೆಂದು ಅದು ಹೇಳಬಲ್ಲದೇ? ಹೇಳಬಲ್ಲದು, ತಕ್ಕಮಟ್ಟಿಗೆ ಚೆನ್ನಾಗಿಯೇ. ಆದರೆ ಹಾಗೆ ಹೇಳಿದಾಗ ಅದು ಏನನ್ನು ಊಹಿಸಿತು ಎಂಬುದನ್ನು ಬಿಡಿಸಿ ನೋಡದಿದ್ದರೆ ದೊಡ್ಡ ಮೋಸಕ್ಕೆ ಬೀಳುತ್ತೇವೆ. ಮೂವತ್ತು ತಂಡಗಳು ಯಾರನ್ನು ಆರಿಸುತ್ತವೆ ಎಂಬುದು ಒಂದು ಪ್ರಶ್ನೆ. ಯಾವ ಹುಡುಗ ಮುಂದೆ ಒಳ್ಳೆಯ ಆಟಗಾರನಾಗುತ್ತಾನೆ ಎಂಬುದು ಇನ್ನೊಂದು. ಮೊದಲನೆಯದು ತಂಡದ ಮಾಲೀಕರು, ತರಬೇತುದಾರರು, ಹೊಸ ಆಟಗಾರರನ್ನು ಹುಡುಕುವ ಸ್ಕೌಟ್‌ಗಳ ಮನಸ್ಸಿನ ಅಧ್ಯಯನ. ಎರಡನೆಯದು ಇನ್ನೂ ಬೆಳೆಯುತ್ತಿರುವ ದೇಹ ಮತ್ತು ಕೌಶಲದ ಅಧ್ಯಯನ. ಒಂದಕ್ಕೆ ಸಿಕ್ಕ ಉತ್ತರವನ್ನು ಇನ್ನೊಂದರ ಉತ್ತರವೆಂದು ಮಾರುವವರು ಈಗ ಹೆಚ್ಚಾಗಿದ್ದಾರೆ.

ಮೊದಲ ಪ್ರಶ್ನೆಯಲ್ಲೇ ಒಂದು ಬಲೆ ಇದೆ. ಅಮೆರಿಕದ ಕಾಲೇಜುಗಳ ಮೇಲ್ದರ್ಜೆಯಲ್ಲಿ 350ಕ್ಕೂ ಹೆಚ್ಚು ಪುರುಷರ ತಂಡಗಳಿವೆ. ತಂಡಕ್ಕೆ ಹನ್ನೆರಡು ಜನ ಎಂದರೂ ನಾಲ್ಕು ಸಾವಿರ ದಾಟುತ್ತದೆ. ಡ್ರಾಫ್ಟ್ ಆಗುವವರು ಎರಡು ಸುತ್ತು ಸೇರಿ ಹೆಚ್ಚೆಂದರೆ ಅರವತ್ತು, ಅವರಲ್ಲೂ ಕೆಲವರು ಯುರೋಪಿನಿಂದಲೋ ಆಸ್ಟ್ರೇಲಿಯಾದಿಂದಲೋ ಬಂದವರು. ಹಾಗಿರುವಾಗ ಪ್ರತಿ ಹೆಸರಿನ ಮುಂದೂ ‘ಇಲ್ಲ’ ಎಂದು ಬರೆಯುವ ಯಂತ್ರಕ್ಕೆ ಶೇ. 98ಕ್ಕಿಂತ ಹೆಚ್ಚು ನಿಖರತೆ ಸಿಗುತ್ತದೆ. ಅದು ಒಬ್ಬನೇ ಒಬ್ಬ ಆಟಗಾರನನ್ನೂ ಗುರುತಿಸಿರುವುದಿಲ್ಲ.

ಈ ಬಲೆಯನ್ನು ಮೊದಲು ತೋರಿಸಿಕೊಟ್ಟದ್ದು ಬ್ಯಾಸ್ಕೆಟ್‌ಬಾಲ್ ಎಂಬ ಆಟ ಹುಟ್ಟುವುದಕ್ಕೂ ಮೊದಲು. 1884ರಲ್ಲಿ ಅಮೆರಿಕದ ಸೇನೆಯ ಹವಾಮಾನ ವಿಭಾಗದಲ್ಲಿದ್ದ ಜಾನ್ ಪಾರ್ಕ್ ಫಿನ್ಲೆ ಸುಂಟರಗಾಳಿಯ ಮುನ್ಸೂಚನೆ ಕೊಡಲು ಹೊರಟ. 2,803 ಮುನ್ಸೂಚನೆಗಳಲ್ಲಿ 2,708 ಸರಿಯಾಗಿದ್ದವು, ಶೇ. 96.6 ಯಶಸ್ಸು. ಭೂವಿಜ್ಞಾನಿ ಜಿ. ಕೆ. ಗಿಲ್ಬರ್ಟ್ ಅದೇ ಕೋಷ್ಟಕವನ್ನು ಮುಂದಿಟ್ಟುಕೊಂಡು ಬೇರೆ ಲೆಕ್ಕ ಹಾಕಿದ. ಸುಂಟರಗಾಳಿ ನಿಜಕ್ಕೂ ಬಂದದ್ದು 51 ಸಲ. ಕಣ್ಣುಮುಚ್ಚಿಕೊಂಡು ಪ್ರತಿಸಲವೂ ‘ಬರುವುದಿಲ್ಲ’ ಎಂದಿದ್ದರೆ ಶೇ. 98.2 ಸರಿಯಾಗುತ್ತಿತ್ತು! ಫಿನ್ಲೆಯ ಕೆಲಸ ವ್ಯರ್ಥವಾಗಿರಲಿಲ್ಲ, ಬಂದ 51ರಲ್ಲಿ 28ನ್ನು ಆತ ಮೊದಲೇ ಹೇಳಿದ್ದ. ಅದನ್ನು ಅಳೆಯಲು ಹಿಡಿದ ಕೋಲು ತಪ್ಪಾಗಿತ್ತು. ಅಪರೂಪದ ಘಟನೆಯನ್ನು ಊಹಿಸುವವರು ‘ಒಟ್ಟು ಎಷ್ಟು ಸರಿ’ ಎಂದು ಹೇಳಿಕೊಳ್ಳಬಾರದು. ‘ಹೌದು ಎಂದವರಲ್ಲಿ ಎಷ್ಟು ಜನ ನಿಜವಾಗಿ ಆಯ್ಕೆಯಾದರು, ಆಯ್ಕೆಯಾದವರಲ್ಲಿ ಎಷ್ಟು ಜನ ನಮ್ಮ ಕಣ್ಣು ತಪ್ಪಿಸಿದರು’ ಎಂದು ಹೇಳಬೇಕು. ಅರವತ್ತಾರು ವರ್ಷದ ನಂತರ, 1950ರಲ್ಲಿ, ಇನ್ನೊಬ್ಬ ಹವಾಮಾನ ತಜ್ಞ ಗ್ಲೆನ್ ಬ್ರೈಯರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಹೌದು, ಇಲ್ಲ ಎಂದು ಕತ್ತರಿಸಿ ಹೇಳದೆ ‘ಶೇ. 70 ಸಾಧ್ಯತೆ’ ಎಂದು ಹೇಳುವವರಿಗೂ ಅಂಕ ಕೊಡುವ ಸೂತ್ರ ಅವನದು. ಇವತ್ತು ಡ್ರಾಫ್ಟ್ ಊಹೆಗಳನ್ನು ಪ್ರಾಮಾಣಿಕವಾಗಿ ತೂಗುವವರು ಬಳಸುವುದು ಮಳೆಗಾಳಿಯವರು ಕಲಿಸಿದ ಈ ತಕ್ಕಡಿಯನ್ನೇ.

ಅಮೆರಿಕದ ಪತ್ರಕರ್ತರು ಡ್ರಾಫ್ಟ್‌ಗೆ ಮೊದಲೇ ಆಯ್ಕೆಗಳನ್ನು ಊಹಿಸಿ ಪ್ರತಿವರ್ಷ ಬರೆಯುವ ‘ಮಾಕ್ ಡ್ರಾಫ್ಟ್’ ಪಟ್ಟಿಗಳು ಮೇಲಿನ ನಾಲ್ಕೈದು ಸ್ಥಾನಗಳಲ್ಲಿ ಬಹಳ ಸಲ ನಿಜವಾಗುತ್ತವೆ. ಅದರಲ್ಲಿ ಪವಾಡವಿಲ್ಲ. ತಂಡಗಳು ಆಟಗಾರರನ್ನು ಕರೆಸಿ ಖಾಸಗಿಯಾಗಿ ಆಡಿಸಿ ನೋಡುತ್ತವೆ, ಏಜೆಂಟರು ಮಾತಾಡುತ್ತಾರೆ, ಸುದ್ದಿ ಸೋರುತ್ತದೆ. ಪಟ್ಟಿ ಬರೆಯುವವರು ತಂಡಗಳ ಅಭಿಪ್ರಾಯವನ್ನೇ ತಂಡಗಳಿಗಿಂತ ಸ್ವಲ್ಪ ಮೊದಲು ಹೇಳುತ್ತಿರುತ್ತಾರೆ. ಇಷ್ಟಿದ್ದರೂ 2013ರಲ್ಲಿ ಬಹುತೇಕ ಪಟ್ಟಿಗಳು ಮೊದಲ ಸ್ಥಾನಕ್ಕೆ ನೆರ್ಲೆನ್ಸ್ ನೋಯೆಲ್ ಎಂದಿದ್ದಾಗ ಕ್ಲೀವ್‌ಲ್ಯಾಂಡ್ ತಂಡ ಆಂಥನಿ ಬೆನೆಟ್‌ನನ್ನು ಆರಿಸಿತು. ನಾಲ್ಕು ಋತುಗಳಲ್ಲಿ ಬೆನೆಟ್‌ನ ಎನ್‌ಬಿಎ ಆಟ ಮುಗಿದುಹೋಯಿತು. ಅದೇ ರಾತ್ರಿ 15ನೆಯವನಾಗಿ ಆಯ್ಕೆಯಾದ ಗ್ರೀಸ್‌ನ ತೆಳ್ಳನೆಯ ಹುಡುಗ ಯಾನಿಸ್ ಆಂಟೆಟೊಕೌಂಪೊ 2019 ಮತ್ತು 2020ರಲ್ಲಿ ಲೀಗ್‌ನ ಅತ್ಯಮೂಲ್ಯ ಆಟಗಾರನಾದ. 2014ರ ಡ್ರಾಫ್ಟ್‌ನಲ್ಲಿ ಸರ್ಬಿಯಾದ ನಿಕೋಲಾ ಯೋಕಿಚ್ ಸರದಿ. ಡೆನ್ವರ್ ತಂಡ 41ನೆಯವನಾಗಿ ಅವನ ಹೆಸರನ್ನು ಕೂಗುವಾಗ ಟಿವಿಯಲ್ಲಿ ಜಾಹೀರಾತು ಓಡುತ್ತಿತ್ತು. ಆತ ಮೂರು ಬಾರಿ ಅದೇ ಪ್ರಶಸ್ತಿ ಪಡೆದು, 2023ರಲ್ಲಿ ಡೆನ್ವರ್‌ಗೆ ಚಾಂಪಿಯನ್ ಪಟ್ಟ ತಂದುಕೊಟ್ಟ. ಹಳೆಯ ಡ್ರಾಫ್ಟ್‌ಗಳನ್ನು ಓದಿ ಕಲಿತ ಯಂತ್ರವೊಂದು 2014ರಲ್ಲಿ ಯೋಕಿಚ್‌ನನ್ನು ನಲವತ್ತರ ಆಚೆ ಇಟ್ಟಿದ್ದರೆ, ಮೊದಲ ಪ್ರಶ್ನೆಗೆ ಅದು ಸರಿಯುತ್ತರ. ಎರಡನೆಯದಕ್ಕೆ ಅಷ್ಟೇ ದೊಡ್ಡ ತಪ್ಪುತ್ತರ. ತಂಡಗಳ ತೀರ್ಮಾನದಿಂದ ಕಲಿತ ಯಂತ್ರ ತಂಡಗಳ ಕುರುಡನ್ನೂ ಕಲಿಯುತ್ತದೆ.

ಹಾಗಾದರೆ ಎರಡನೆಯ ಪ್ರಶ್ನೆಗೆ ಸುಳಿವೇ ಇಲ್ಲವೇ? ಇದೆ. ತೆಂಗಿನ ಸಸಿ ಆರಿಸುವುದನ್ನು ಬಲ್ಲವರಿಗೆ ಇದು ಬೇಗ ಅರ್ಥವಾಗುತ್ತದೆ. ತಿಪಟೂರಿನ ರೈತ ನರ್ಸರಿಗೆ ಹೋದರೆ ಮೊದಲು ಕೇಳುವುದು, ಕಾಯಿ ಯಾವಾಗ ಮೊಳೆಯಿತು ಎಂದು. ಬೇಗ ಮೊಳೆತದ್ದು ಬೇಗ ಫಲಕ್ಕೆ ಬರುತ್ತದೆ. ಆಮೇಲೆ ಬುಡದ ದಪ್ಪ, ಗರಿಗಳ ಸಂಖ್ಯೆ, ಗರಿ ಬೇಗ ಸೀಳಿಕೊಂಡಿದೆಯೇ ಎಂದು ನೋಡುತ್ತಾನೆ. ಎತ್ತರವನ್ನೊಂದೇ ನೋಡಿ ಕೊಳ್ಳುವವನು ಮೋಸಹೋಗುತ್ತಾನೆ. ಒತ್ತಾಗಿ ಬೆಳೆದ ಮಡಿಯಲ್ಲಿ ಬಿಸಿಲು ಹುಡುಕಿ ಸೊರಗಿ ಉದ್ದವಾದ ಸಸಿಯೂ ಇರುತ್ತದೆ. ಇಷ್ಟೆಲ್ಲ ನೋಡಿದರೂ ಮರ ಹೊಂಬಾಳೆ ಬಿಡುವುದಕ್ಕೆ ಆರೇಳು ವರ್ಷ ಕಾಯಲೇಬೇಕು.

ಆಟಗಾರರಲ್ಲೂ ‘ಯಾವಾಗ ಮೊಳೆಯಿತು’ ಎಂಬುದು ಬಹಳ ಗಟ್ಟಿಯಾದ ಸುಳಿವು. ಹದಿನೆಂಟರ ಹುಡುಗನೂ ಇಪ್ಪತ್ತೆರಡರ ಹುಡುಗನೂ ಕಾಲೇಜಿನಲ್ಲಿ ಪಂದ್ಯಕ್ಕೆ ಹದಿನೈದು ಅಂಕ ಗಳಿಸಿದರೆ ಪತ್ರಿಕೆಯ ಸ್ಕೋರ್‌ಪಟ್ಟಿಯಲ್ಲಿ ಇಬ್ಬರೂ ಒಂದೇ. ಮುನ್ಸೂಚನೆಯ ಸೂತ್ರದಲ್ಲಿ ಒಂದೇ ಅಲ್ಲ. ಮೊದಲನೆಯವನು ತನಗಿಂತ ಮೂರುನಾಲ್ಕು ವರ್ಷ ಹಿರಿಯರ, ಬಲಿತ ದೇಹಗಳ ಎದುರು ಅಷ್ಟು ಗಳಿಸಿದ್ದಾನೆ. ಅವನ ಮುಂದೆ ಬೆಳೆಯುವ ವರ್ಷಗಳೂ ಹೆಚ್ಚಿವೆ. ಪಂದ್ಯಕ್ಕೆ ಎಷ್ಟು ಅಂಕ ಎಂಬ ಲೆಕ್ಕವೂ ಒರಟು. ಬಿರುಸಾಗಿ ಆಡುವ ತಂಡಕ್ಕೆ ಚೆಂಡು ಹೆಚ್ಚು ಸಲ ಕೈಗೆ ಬರುತ್ತದೆ, ನಿಧಾನದ ತಂಡಕ್ಕೆ ಕಡಿಮೆ. ಚೆಂಡು ಕೈಗೆ ಬಂದ ಪ್ರತಿ ನೂರು ಸರದಿಗೆ ಎಷ್ಟು ಎಂದು ಎಣಿಸುವ ಪದ್ಧತಿಯನ್ನು ಶಿಸ್ತಾಗಿ ಬೆಳೆಸಿದವರಲ್ಲಿ ಡೀನ್ ಆಲಿವರ್ ಮುಖ್ಯ. 2004ರಲ್ಲಿ ‘ಬ್ಯಾಸ್ಕೆಟ್‌ಬಾಲ್ ಆನ್ ಪೇಪರ್’ ಎಂಬ ಪುಸ್ತಕ ಪ್ರಕಟಿಸಿದ ಆತನನ್ನು ಅದೇ ವರ್ಷ ಸಿಯಾಟಲ್ ತಂಡ ಕೆಲಸಕ್ಕೆ ಕರೆಯಿತು.

ನನಗೆ ಅತ್ಯಂತ ಇಷ್ಟವಾದ ಸುಳಿವು ಫ್ರೀ ಥ್ರೋ, ಎದುರಾಳಿಯ ತಪ್ಪಿಗೆ ಸಿಗುವ ತಡೆಯಿಲ್ಲದ ಎಸೆತ. ಒಬ್ಬ ಕಾಲೇಜು ಹುಡುಗ ಒಂದು ಋತುವಿನಲ್ಲಿ 120 ಸಲ ಮೂರು ಪಾಯಿಂಟ್‌ನ ಗೆರೆಯಾಚೆಯಿಂದ ಎಸೆದು ಶೇ. 36ನ್ನು ಬುಟ್ಟಿಗೆ ಹಾಕಿದ ಎನ್ನಿ. ಅದೇ ಕೈ, ಅದೇ ಕೌಶಲ. ಬರೀ ಅದೃಷ್ಟದ ಏರಿಳಿತದಿಂದಲೇ ಮತ್ತೊಂದು ಋತುವಿನಲ್ಲಿ ಅದು ಶೇ. 32ಕ್ಕೆ ಇಳಿಯಬಹುದು, 40ಕ್ಕೆ ಏರಬಹುದು. ಎನ್‌ಬಿಎಯಲ್ಲಿ 40ರವನು ತಾರೆ, 32ರವನು ಬೆಂಚು ಕಾಯುವವನು. ಸಾಲದ್ದಕ್ಕೆ ಕಾಲೇಜಿನಲ್ಲಿ ಆ ಗೆರೆ 6.75 ಮೀಟರ್ ದೂರದಲ್ಲಿದ್ದರೆ ಎನ್‌ಬಿಎಯಲ್ಲಿ 7.24 ಮೀಟರ್. ಫ್ರೀ ಥ್ರೋ ಗೆರೆಯೋ ಎರಡೂ ಕಡೆ 4.57 ಮೀಟರ್. ಅಡ್ಡ ನಿಲ್ಲುವವರಿಲ್ಲ, ಓಟವಿಲ್ಲ, ತಂಡದ ತಂತ್ರವಿಲ್ಲ. ಮಣಿಕಟ್ಟು ಮತ್ತು ಬೆರಳುಗಳ ಹಿಡಿತ ಮಾತ್ರ ಅಲ್ಲಿ ಅಳೆಯಲ್ಪಡುತ್ತದೆ. ಹಾಗಾಗಿ ಮುಂದೆ ದೂರದಿಂದ ಚೆನ್ನಾಗಿ ಎಸೆಯುವವರು ಯಾರೆಂದು ಹುಡುಕುವಾಗ, ಕಾಲೇಜಿನ ಮೂರು ಪಾಯಿಂಟ್ ಲೆಕ್ಕದ ಪಕ್ಕದಲ್ಲಿ ಫ್ರೀ ಥ್ರೋ ಲೆಕ್ಕವನ್ನೂ ಇಟ್ಟು ನೋಡುತ್ತಾರೆ. ಸಾಧಾರಣವೆನಿಸುವ ಅಂಕಿಯೊಂದು ಗದ್ದಲ ಕಡಿಮೆಯಿರುವ ಕಾರಣಕ್ಕೇ ಹೆಚ್ಚು ನಿಜ ಹೇಳುತ್ತದೆ. ವಿಜ್ಞಾನದಲ್ಲಿ ಇಂಥ ಕಡೆ ಸಿಗುವ ಸಂತೋಷಕ್ಕೆ ಸಾಟಿಯಿಲ್ಲ.

ಇನ್ನು ಎತ್ತರ. ಎನ್‌ಬಿಎ ಒಳಗಿನ ಆಟಗಾರರ ಎತ್ತರಕ್ಕೂ ಯಶಸ್ಸಿಗೂ ನಂಟು ಹುಡುಕಿದರೆ ಅದು ಬಲು ಸಡಿಲ. ಹಾಗೆಂದು ಎತ್ತರ ಮುಖ್ಯವಲ್ಲ ಎಂದುಬಿಟ್ಟರೆ ಅಸಂಬದ್ಧ, ಅಲ್ಲಿನ ಸರಾಸರಿಯೇ ಎರಡು ಮೀಟರ್ ಹತ್ತಿರ. ನರ್ಸರಿಯವನು ಸಣಕಲು ಸಸಿಗಳನ್ನೆಲ್ಲ ಮೊದಲೇ ಕಿತ್ತುಹಾಕಿದ್ದರೆ, ತೋಟದಲ್ಲಿ ನಿಂತ ಮರಗಳನ್ನು ನೋಡಿ ‘ಬುಡದ ದಪ್ಪಕ್ಕೂ ಇಳುವರಿಗೂ ಸಂಬಂಧವಿಲ್ಲ’ ಎಂದು ಹೇಳಲು ಬರುತ್ತದೆಯೇ? ಆರಿಸಿ ಉಳಿಸಿದ ಗುಂಪಿನಲ್ಲಿ, ಆರಿಸಲು ಬಳಸಿದ ಗುಣವೇ ಮಂಕಾಗಿ ಕಾಣುತ್ತದೆ. ಕಾರ್ಲ್ ಪಿಯರ್ಸನ್ 1903ರಲ್ಲೇ ಇದಕ್ಕೆ ಗಣಿತ ಬರೆದಿಟ್ಟಿದ್ದಾನೆ. 175 ಸೆಂಟಿಮೀಟರ್‌ನ ಐಸಾಯಾ ಥಾಮಸ್ 2011ರಲ್ಲಿ ಅರವತ್ತನೆಯ, ಅಂದರೆ ಕಟ್ಟಕಡೆಯ ಆಯ್ಕೆಯಾಗಿ ಬಂದು ಎರಡು ಬಾರಿ ಆಲ್‌ಸ್ಟಾರ್ ಆದ. ಅಷ್ಟು ಗಿಡ್ಡನಿದ್ದೂ ಒಳಗೆ ಬರಬೇಕಾದರೆ ಬೇರೆ ಗುಣಗಳು ಎಷ್ಟು ಅಸಾಧಾರಣವಾಗಿರಬೇಕು! ತದ್ವಿರುದ್ಧವಾಗಿ, 2.18 ಮೀಟರ್ ಎತ್ತರದ ಪಂಜಾಬಿನ ಸತ್ನಾಮ್ ಸಿಂಗ್‌ನನ್ನು 2015ರಲ್ಲಿ ಇದೇ ಡಲ್ಲಾಸ್ ತಂಡ 52ನೆಯವನಾಗಿ ಆರಿಸಿತು. ಭಾರತದಲ್ಲಿ ಹುಟ್ಟಿ ಡ್ರಾಫ್ಟ್ ಆದ ಮೊದಲಿಗ ಆತ. ನಮಗೆಲ್ಲ ಅದು ಹೆಮ್ಮೆಯ ದಿನ. ಆದರೆ ಎನ್‌ಬಿಎ ಪಂದ್ಯವೊಂದರಲ್ಲಿ ಅಂಗಳಕ್ಕಿಳಿಯುವ ಅವಕಾಶ ಅವನಿಗೆ ಒದಗಲೇ ಇಲ್ಲ.

ಕಣ್ಣಿನ ತೀರ್ಪು ಎಷ್ಟು ಸುಲಭವಾಗಿ ಜಾರುತ್ತದೆ ಎಂಬುದಕ್ಕೆ ಹ್ಯೂಸ್ಟನ್ ರಾಕೆಟ್ಸ್ ತಂಡದ ಅಂದಿನ ಜನರಲ್ ಮ್ಯಾನೇಜರ್ ಡ್ಯಾರಿಲ್ ಮೋರಿಯ ಅನುಭವ ದೊಡ್ಡ ಪಾಠ. ಮೈಕೆಲ್ ಲೂಯಿಸ್ 2016ರ ‘ದಿ ಅನ್‌ಡೂಯಿಂಗ್ ಪ್ರಾಜೆಕ್ಟ್’ ಪುಸ್ತಕದಲ್ಲಿ ಅದನ್ನು ಬರೆದಿದ್ದಾರೆ. 2007ರಲ್ಲಿ ಮೋರಿಯ ಸೂತ್ರ ಸ್ಪೇನ್‌ನ ಮಾರ್ಕ್ ಗಸೋಲ್‌ನನ್ನು ಮೆಚ್ಚಿತ್ತು. ಸ್ಕೌಟ್‌ಗಳಿಗೆ ಅಂಗಿಯಿಲ್ಲದ ಗಸೋಲ್‌ನ ಫೋಟೊ ಸಿಕ್ಕಿತು; ಮೈ ತುಂಬಿಕೊಂಡ ಹುಡುಗನಿಗೆ ಅವರೊಂದು ಅಡ್ಡಹೆಸರಿಟ್ಟು ನಕ್ಕರು. ಆ ನಗುವಿನ ಎದುರು ಸೂತ್ರ ಸೋತಿತು. 48ನೆಯವನಾಗಿ ಬೇರೆ ತಂಡಕ್ಕೆ ಹೋದ ಗಸೋಲ್ 2013ರಲ್ಲಿ ಲೀಗ್‌ನ ಶ್ರೇಷ್ಠ ರಕ್ಷಣಾ ಆಟಗಾರನೆನಿಸಿದ, 2019ರಲ್ಲಿ ಟೊರಾಂಟೊ ಪರ ಚಾಂಪಿಯನ್ ಆದ. ಆ ಬಳಿಕ ಮೋರಿ ಅಡ್ಡಹೆಸರುಗಳನ್ನೇ ನಿಷೇಧಿಸಿದ. ಆದರೂ 2010ರಲ್ಲಿ ಹಾರ್ವರ್ಡ್‌ನ ಜೆರೆಮಿ ಲಿನ್ ವಿಷಯದಲ್ಲಿ ಸೂತ್ರ ‘ಹದಿನೈದನೆಯ ಆಯ್ಕೆಗೆ ಯೋಗ್ಯ’ ಎಂದರೂ ಹ್ಯೂಸ್ಟನ್ ಸೇರಿದಂತೆ ಯಾವ ತಂಡವೂ ಅವನನ್ನು ಆರಿಸಲಿಲ್ಲ. 2012ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್ ಪರ ಆತ ಆಡಿದ ಆಟಕ್ಕೆ ಜಗತ್ತು ಎದ್ದು ಕೂತಿತು.

ಈ ಎಲ್ಲದಕ್ಕಿಂತ ಆಳವಾದ ತೊಡಕೊಂದಿದೆ. 1995ರಲ್ಲಿ ಬ್ಯಾರಿ ಸ್ಟಾ ಮತ್ತು ಹಾ ಹೊವಾಂಗ್ ಎಂಬ ಇಬ್ಬರು ಸಂಶೋಧಕರು 1980ರ ದಶಕದ ಡ್ರಾಫ್ಟ್‌ಗಳನ್ನು ಹಿಡಿದು ಕೇಳಿದರು: ಇಬ್ಬರು ಒಂದೇ ಮಟ್ಟದಲ್ಲಿ ಆಡುತ್ತಿದ್ದರೆ ಇಬ್ಬರಿಗೂ ಒಂದೇ ಅವಕಾಶ ಸಿಗುತ್ತದೆಯೇ? ಇಲ್ಲ. ಮೇಲಿನ ಸ್ಥಾನದಲ್ಲಿ ಆಯ್ಕೆಯಾದವನಿಗೆ ಅಂಗಳದಲ್ಲಿ ಹೆಚ್ಚು ನಿಮಿಷ, ಲೀಗ್‌ನಲ್ಲಿ ಹೆಚ್ಚು ವರ್ಷ. ಹಾಕಿದ ಬಂಡವಾಳವನ್ನು ಬಿಟ್ಟುಕೊಡಲು ತಂಡಗಳಿಗೆ ಮನಸ್ಸು ಬರುವುದಿಲ್ಲ. 1999ರಲ್ಲಿ ಕಾಲಿನ್ ಕ್ಯಾಮರರ್ ಮತ್ತು ರಾಬರ್ಟೊ ವೆಬರ್ ಇನ್ನೂ ಬಿಗಿಯಾಗಿ ಪರೀಕ್ಷಿಸಿದಾಗ ಪರಿಣಾಮ ತಗ್ಗಿತು, ಮಾಯವಾಗಲಿಲ್ಲ. ಇದರ ಅರ್ಥವೇನು? ಬೇಗ ಆರಿಸಿದವನಿಗೆ ನೀರು ಗೊಬ್ಬರ ಹೆಚ್ಚು ಸಿಗುತ್ತದೆ, ಅವನು ಬೆಳೆಯುತ್ತಾನೆ, ಆಮೇಲೆ ‘ನಮ್ಮ ಊಹೆ ನಿಜವಾಯಿತು’ ಎನ್ನುತ್ತೇವೆ. ಊಹೆಯೇ ತನ್ನ ಸಾಕ್ಷಿಯನ್ನು ಬೆಳೆಸಿಕೊಂಡಿರುತ್ತದೆ.

ಹಾಗಾಗಿ ‘ನಮ್ಮ ಕೃತಕ ಬುದ್ಧಿಮತ್ತೆ ಡ್ರಾಫ್ಟ್ ಅನ್ನು ಶೇ. ಇಷ್ಟು ನಿಖರವಾಗಿ ಹೇಳಿತು’ ಎಂಬ ಪ್ರಕಟಣೆ ಕಂಡಾಗ ನಾನು ಮೊದಲು ಹುಡುಕುವುದು ಬಿಟ್ಟುಹೋದವರ ಲೆಕ್ಕವನ್ನು. 1996ರಲ್ಲಿ ಯಾರೂ ಆರಿಸದ ಬೆನ್ ವಾಲೇಸ್ ನಾಲ್ಕು ಬಾರಿ ಲೀಗ್‌ನ ಶ್ರೇಷ್ಠ ರಕ್ಷಣಾ ಆಟಗಾರನಾಗಿ 2021ರಲ್ಲಿ ಹಾಲ್ ಆಫ್ ಫೇಮ್ ಸೇರಿದ. 2016ರಲ್ಲಿ ಯಾರೂ ಆರಿಸದ ಫ್ರೆಡ್ ವ್ಯಾನ್‌ವ್ಲೀಟ್ ಮೂರೇ ವರ್ಷಗಳಲ್ಲಿ ಚಾಂಪಿಯನ್ ತಂಡದಲ್ಲಿದ್ದ. ಬಾಗಿಲು ಮುಚ್ಚಿದ ಮೇಲೂ ಇವರು ಒಳಗೆ ಬಂದರು ಎಂಬ ಕಾರಣಕ್ಕೆ ಇವರ ಹೆಸರು ನಮಗೆ ಗೊತ್ತು. ಇಂಥವರ ಹೆಸರಿನ ಮುಂದೆ ‘ಇಲ್ಲ’ ಎಂದು ಬರೆದು ತನ್ನ ಅಂಕ ಹೆಚ್ಚಿಸಿಕೊಳ್ಳುವ ಯಂತ್ರಕ್ಕಿಂತ, ತಂಡಗಳ ಮಾತನ್ನು ಮೀರಿ ಇವರ ಹೆಸರು ಹೇಳಿ ಡ್ರಾಫ್ಟ್ ದಿನ ‘ಸೋಲುವ’ ಯಂತ್ರ ನೂರು ಪಾಲು ಮೇಲು. ಊಹೆಯ ವಿಜ್ಞಾನ ಮುಂದಕ್ಕೆ ಹೋಗಬೇಕಾದರೆ ಡ್ರಾಫ್ಟ್ ರಾತ್ರಿಯ ಪಟ್ಟಿಯೊಂದಿಗೆ ತಾಳೆ ನೋಡಿ ಬೀಗುವುದನ್ನು ನಿಲ್ಲಿಸಿ, ಐದಾರು ವರ್ಷ ಕಾದು, ಆರಿಸಿದವರ ಜೊತೆಗೆ ಆರಿಸದವರ ಆಟವನ್ನೂ ಲೆಕ್ಕಕ್ಕೆ ತರಬೇಕು.